ನಲವತ್ತೊಂದು ತಲೆ

ಬಿಳಿಗಿರಯ್ಯನವರು ಬಿದ್ದಿದ್ದಾರೆ, ಚಿತ್ರದ ಎಡಮೂಲೆಯಲ್ಲಿ.
ಅವರಿಗೆ ನಂಬರು ಕೊಟ್ಟಿಲ್ಲ.
ಅವರ ಹೆಸರಲ್ಲಿ ಈಗ ರಸ್ತೆಯಿದೆ, ಬಸ್ ಸ್ಟಾಪಿದೆ,
ಕಾಗೆ ಕೂರಲು ಎದೆಮಟ್ಟದ ಪ್ರತಿಮೆಯಿದೆ.
ಗುಂಡು ಹಾರಿಸಿದವನಿಗೂ ಕೊಟ್ಟಿಲ್ಲ;
ಅಪ್ಪನ ಹೆಸರು, ಕಸುಬು, ಕೆನ್ನೆಯ ಮಚ್ಚೆ ಸಮೇತ
ಕೋರ್ಟಿನ ಕಡತದಲ್ಲಿ ಅವನು ಭದ್ರ.

ನನಗೆ ಬೇಕಾದವರು ಉಳಿದ ನಲವತ್ತೊಂದು ಮಂದಿ.
ಐವತ್ತೆರಡನೇ ಇಸವಿ, ಫೆಬ್ರವರಿ, ಸಂಜೆ ನಾಲ್ಕೂ ಮುಕ್ಕಾಲು,
ಕಾಟನ್‌ಪೇಟೆಯಲ್ಲಿ ಮಿಲ್ಲಿನ ಪಾಳಿ ಬಿಟ್ಟ ಹೊತ್ತು,
ಸುಮ್ಮನೆ ನಿಂತವರು.

ಸ್ಟುಡಿಯೋದ ಸಂಪಂಗಪ್ಪನವರು ಹೋಗಿದ್ದು
ಸಂಘದ ಗ್ರೂಪ್ ಫೋಟೋ ತೆಗೆಯಲು.
"ಅಲ್ಲಾಡಬೇಡಿ" ಅಂದರು.
ಮೊದಲ ಪ್ಲೇಟಿನಲ್ಲಿ ಯಾರೂ ಅಲ್ಲಾಡಿಲ್ಲ,
ಕಣ್ಣುಗಳೆಲ್ಲ ಕ್ಯಾಮೆರಾದ ಪಕ್ಕಕ್ಕೆ, ಒಂದು ಗೇಣು ಮೇಲಕ್ಕೆ.
ಎರಡನೆಯದರಲ್ಲಿ ಎಲ್ಲರ ಕತ್ತೂ ಎಡಕ್ಕೆ,
ಯಾರೋ ಹೆಸರು ಹಿಡಿದು ಕರೆದ ಹಾಗೆ.

ಅದರ ಮೇಲೆ ಬಟರ್ ಪೇಪರ್ ಹಾಸಿದೆ.
ತಲೆಗೊಂದು ಸುತ್ತು, ಸುತ್ತಿಗೊಂದು ಅಂಕಿ.
ಭಾನುವಾರ ಬಂದರೆ ಸುರುಳಿ ಸುತ್ತಿ, ಕಂಕುಳಲ್ಲಿಟ್ಟು
ಗಾಣಿಗರಪೇಟೆ, ಅಕ್ಕಿಪೇಟೆ, ಆಚೆ ಶಿವಾಜಿನಗರ.
ನನ್ನ ಹೆಂಡತಿ ಕೇಳುತ್ತಿದ್ದಳು,
ಜನಗಣತಿಯವರು ಸಂಬಳವಾದರೂ ಕೊಡ್ತಾರೆ, ನಿಮಗೆ?

ಮುಖ ನೋಡಿ ಗುರುತಿಸಿದವರು ಕಡಿಮೆ.
"ಈ ಕಾಲರು ನಮ್ಮ ಅಬ್ಬಾನ ಕತ್ತರಿ"
ಅಂದರು ಸುಲ್ತಾನ್‌ಪೇಟೆಯ ಖಾದರ್ ಷರೀಫರು,
ಅಟ್ಟದ ಲೆಕ್ಕದ ಪುಸ್ತಕ ಇಳಿಸಿ ಧೂಳು ಹೊಡೆದರು:
ಒಂಬತ್ತನೇ ನಂಬರು, ಅಂಚೆ ಗುಮಾಸ್ತ ವೆಂಕಟನರಸಯ್ಯ,
ಹನ್ನೆರಡಾಣೆ ಬಾಕಿ.
ಇಪ್ಪತ್ತಾರಕ್ಕೆ ಮುಖವೇ ಇಲ್ಲ, ಬರೀ ಬೆನ್ನು.
ಮುನಿಲಕ್ಷ್ಮಮ್ಮ ಬೆರಳಿಟ್ಟರು, ಯೋಚಿಸಲೂ ಇಲ್ಲ:
"ಇವನೇ. ನನಗೆ ಅವನು ತೋರಿಸಿದ್ದೇ ಅದು."

ಬಿದ್ದವರ ಕಡೆಗೆ ಕಾಲಿಟ್ಟ ಹದಿನಾಲ್ಕಕ್ಕೆ
ಮೂರು ಮನೆಯವರು ಹಕ್ಕು ಹೂಡಿದ್ದಾರೆ,
ಒಬ್ಬರು ವಕೀಲರ ಕಾಗದವನ್ನೂ ಕಳಿಸಿದ್ದಾರೆ.
ಓಡುತ್ತಿರುವ ಮೂವತ್ತೊಂದು ಯಾರಿಗೂ ಬೇಕಿಲ್ಲ.
ಬಳೇಪೇಟೆಯಲ್ಲೊಬ್ಬರು ತುಂಬ ಹೊತ್ತು ನೋಡಿದರು,
ಕಾಫಿ ತಣ್ಣಗಾಯಿತು. "ಅಲ್ಲ, ನಮ್ಮ ತಂದೆ ಅಲ್ಲ."
ಅದೇ ಗದ್ದ, ನಡುವೆ ಅದೇ ಕುಳಿ.
ಅಲ್ಲ, ಅಂತ ನಾನೂ ಬರೆದುಕೊಂಡೆ.

ಕಡತದಲ್ಲಿ ಎಲ್ಲರ ಸಾಕ್ಷಿಯೂ ಒಂದೇ ಸಾಲು:
ಪಿಸ್ತೂಲು ತೆಗೆದದ್ದು ಕಾಣಲಿಲ್ಲ ಸ್ವಾಮಿ,
ಆ ಕಡೆ ನೋಡ್ತಿರಲಿಲ್ಲ.

ಐದನೇ ನಂಬರು ಬದುಕಿದ್ದರು, ಲಿಂಗರಾಜಪುರದಲ್ಲಿ.
ಕಡಲೆಕಾಯಿ ಅರುಳಪ್ಪ, ಎಂಬತ್ತರ ಮೇಲೆ ಎರಡು.
ಚಿತ್ರದಲ್ಲಿ ತಕ್ಕಡಿ ಇನ್ನೂ ಕೈಯಲ್ಲಿದೆ, ಮುಳ್ಳು ನೆಟ್ಟಗಿದೆ.
ಹಲ್ಲಿಲ್ಲದ ಬಾಯಲ್ಲಿ ನಕ್ಕರು: "ತೂಕ ಸರಿಯಿದೆ ನೋಡಪ್ಪ."
ನಾನು ಎಲ್ಲರಿಗೂ ಕೇಳುವುದನ್ನೇ ಕೇಳಿದೆ,
ಆ ಕಡೆ ಅಲ್ಲದಿದ್ದರೆ, ಎಲ್ಲಿ ನೋಡುತ್ತಿದ್ದಿರಿ?

"ಒಬ್ಬ ಚಿಕ್ಕ ಹುಡುಗ ಕೈ ಎತ್ತಿಕೊಂಡು ನಿಂತಿದ್ದ,
ಇಲ್ಲಿ ನೋಡಿ, ಇಲ್ಲಿ ನೋಡಿ ಅಂತ.
ಅವನ ಕೈ ನೋಡ್ತಿದ್ವಿ."
ಬೆರಳು ಚಿತ್ರದ ಮೇಲೆ ಜಾರಿತು,
ಜನರನ್ನು ದಾಟಿ, ಮಣ್ಣು ದಾಟಿ, ಕೆಳಗಿನ ಅಂಚು ದಾಟಿ
ಮೇಜಿನ ಹಾಸಿನ ಮೇಲೆ ಬಂತು,
ನನ್ನ ಕಾಫಿ ಲೋಟದ ಹತ್ತಿರ ನಿಂತಿತು.

ನನಗಾಗ ಹನ್ನೊಂದು ವರ್ಷ.
ಪ್ಲೇಟಿನ ಪೆಟ್ಟಿಗೆ ಹೊರುವುದು, ಕೈ ಎತ್ತುವುದು,
ದಿನಕ್ಕೆ ನಾಲ್ಕಾಣೆ, ಒಂದು ಬನ್ನು.

ಮನೆಗೆ ಬಂದು ಭೂತಗನ್ನಡಿ ಹಿಡಿದೆ.
ಹೌದು, ಕೆಳಗೆ, ಇಷ್ಟು ವರ್ಷ ಬರೀ ನೆಲ ಅಂದುಕೊಂಡಲ್ಲಿ,
ಇಳಿಬಿಸಿಲಿಗೆ ಉದ್ದವಾದ ನೆರಳುಗಳು:
ಸ್ಟ್ಯಾಂಡಿನ ಮೂರು ಕಾಲು, ಸಂಪಂಗಪ್ಪನವರ ಟೋಪಿ,
ಪಕ್ಕಕ್ಕೆ ಇನ್ನೊಂದು, ಸಣ್ಣದು.
ಸುತ್ತು ಹಾಕೋಣವೆಂದರೆ ತಲೆ ಅಂಚಿನಲ್ಲಿ ಕತ್ತರಿಸಿದೆ.
ಕೈ ಮಾತ್ರ ಇದೆ.
ಎರಡನೇ ಪ್ಲೇಟಿನಲ್ಲೂ
ಇಳಿಸಿಲ್ಲ.